ಹದಿನೆಂಟು ವಾದಕರು, ಅಂಗಡಿಗೆ ಬಾರದ ಆಲ್ಬಂ

ಜಾಝ್ ಎಂದೊಡನೆ ನಾಲ್ಕೈದು ಮಂದಿಯ ಪುಟ್ಟ ತಂಡ ನೆನಪಿಗೆ ಬರುವುದು ಸಹಜ. ನ್ಯೂಯಾರ್ಕಿನ ಮರಿಯಾ ಶ್ನೈಡರ್ ಆರ್ಕೆಸ್ಟ್ರಾದಲ್ಲಿ ಇರುವವರು 18 ಮಂದಿ; ನುಡಿಸುವುದು ನಾಯಕಿಯ ಸ್ವಂತ ಕೃತಿಗಳನ್ನು.

ಮಿನ್ನೆಸೋಟಾದ ವಿಂಡಮ್ ಎಂಬ ಸಣ್ಣ ಊರಿನಲ್ಲಿ 1960ರಲ್ಲಿ ಜನಿಸಿದ ಶ್ನೈಡರ್, ಖ್ಯಾತ ಸಂಯೋಜಕ ಗಿಲ್ ಇವಾನ್ಸ್ ಅವರ ಸಹಾಯಕಿಯಾಗಿ ಪಳಗಿದವರು. ಹಳೆಯ ಬಿಗ್ ಬ್ಯಾಂಡುಗಳಲ್ಲಿ ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರಾಂಬೋನ್ ಗುಂಪುಗಳು ಪರಸ್ಪರ ಸವಾಲು-ಜವಾಬು ನಡೆಸುತ್ತಿದ್ದವು. ಶ್ನೈಡರ್ ಆ ಗುಂಪುಗಳ ನಡುವಣ ಗೋಡೆಯನ್ನೇ ಕೆಡವಿ, ಕೊಳಲು, ಕ್ಲಾರಿನೆಟ್, ಅಕಾರ್ಡಿಯನ್‌ಗಳ ನಾದವನ್ನೂ ಅದರೊಳಗೆ ಬೆರೆಸಿದರು. ‘ಸೆರುಲಿಯನ್ ಸ್ಕೈಸ್’ ಕೃತಿಯ ಆರಂಭದಲ್ಲಂತೂ ವಾದಕರೇ ಹಕ್ಕಿಗಳಂತೆ ಉಲಿಯುತ್ತಾರೆ.

ಆದರೆ ಇಷ್ಟು ಜನರ ಸಂಭಾವನೆ, ಸ್ಟುಡಿಯೋ ಬಾಡಿಗೆ ಭರಿಸುವವರು ಯಾರು? ಶ್ನೈಡರ್ ‘ಆರ್ಟಿಸ್ಟ್‌ಶೇರ್’ ಜಾಲತಾಣದ ಮೂಲಕ ಶ್ರೋತೃಗಳಿಂದಲೇ ಮುಂಗಡ ಪಡೆದು, ಪ್ರತಿಯಾಗಿ ಕೃತಿ ರೂಪುಗೊಳ್ಳುವ ಬಗೆಯನ್ನು ಅವರಿಗೆ ತೋರಿಸಿದರು. ಹೀಗೆ 2004ರಲ್ಲಿ ಹೊರಬಂದ ‘ಕನ್ಸರ್ಟ್ ಇನ್ ದ ಗಾರ್ಡನ್’ ಅಂಗಡಿಗಳಿಗೆ ಬರಲೇ ಇಲ್ಲ. ಅಂತರ್ಜಾಲದಲ್ಲಷ್ಟೇ ಮಾರಾಟವಾಗಿ, 2005ರಲ್ಲಿ ಗ್ರ್ಯಾಮಿ ಗಳಿಸಿದ ಮೊದಲ ಆಲ್ಬಂ ಎಂಬ ಹೆಗ್ಗಳಿಕೆ ಅದರದು.

ಅಂತರ್ಜಾಲವನ್ನೇ ನೆಚ್ಚಿದ ಈ ಕಲಾವಿದೆ ಮುಂದೆ ಅದರ ದೈತ್ಯರ ಕಟು ಟೀಕಾಕಾರರಾದದ್ದು ಸ್ವಾರಸ್ಯಕರ. ಅನುಮತಿಯಿಲ್ಲದೆ ಏರಿಸಿದ ಸಂಗೀತದಿಂದ ಕಂಪನಿಗಳು ಹಣ ಮಾಡುತ್ತವೆ, ರಚಿಸಿದವರ ಕೈ ಮಾತ್ರ ಬರಿದಾಗುತ್ತದೆ ಎಂಬುದು ಅವರ ಆಕ್ಷೇಪ. 2014ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೆದುರು ಹಕ್ಕುಸ್ವಾಮ್ಯದ ಪರ ಅವರು ಹೇಳಿಕೆ ನೀಡಿದರು. 2020ರ ‘ಡೇಟಾ ಲಾರ್ಡ್ಸ್’ ಜೋಡಿ ಆಲ್ಬಮ್ಮಿನ ಒಂದು ಭಾಗ ಡಿಜಿಟಲ್ ಜಗತ್ತಿನ ಕುರಿತಾದದ್ದು, ಮತ್ತೊಂದು ನಿಸರ್ಗಕ್ಕೆ ಮೀಸಲು. 2021ರಲ್ಲಿ ಅದಕ್ಕೆ ಎರಡು ಗ್ರ್ಯಾಮಿಗಳು ಸಂದವು.