ಸಿದ್ಧ ಗಣಕಯಂತ್ರದ ವೇಗಾತಿಕ್ರಮ: ಅದರ ಲಾಭ ಮತ್ತು ಹೊಣೆ

ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ಗಣಕಯಂತ್ರಗಳು ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿರುವುದುಂಟು. ಅವು ಕೆಟ್ಟಿಲ್ಲ, ಆದರೆ ನಿಧಾನವಾಗಿವೆ. ಹೊಸದನ್ನು ಕೊಳ್ಳಲು ಹಣವಿಲ್ಲದಿರುವಾಗ ಹಳೆಯದರ ವೇಗವನ್ನೇ ಏಕೆ ಹೆಚ್ಚಿಸಿಕೊಳ್ಳಬಾರದು ಎಂಬ ಪ್ರಶ್ನೆ ಏಳುವುದು ಸಹಜ. ನಮ್ಮ ವಿದ್ಯಾರ್ಥಿಗಳೂ ಇದನ್ನು ಪದೇ ಪದೇ ನಮ್ಮ ಮುಂದಿಟ್ಟಿದ್ದಾರೆ. ತಯಾರಕನು ನಿಗದಿ ಮಾಡಿದ ಮಿತಿಯನ್ನು ಮೀರಿ ಪ್ರೊಸೆಸರನ್ನು ನಡೆಸುವ ಈ ಕ್ರಿಯೆಗೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಕನ್ನಡದಲ್ಲಿ ಇದನ್ನು 'ವೇಗಾತಿಕ್ರಮ' ಎಂದು ಕರೆಯಬಹುದೆಂದು ನಮಗೆ ತೋರುತ್ತದೆ. ಇದು ಸಾಧ್ಯವೇ ಎಂಬುದು ಸುಲಭದ ಪ್ರಶ್ನೆ, ಬಹುಮಟ್ಟಿಗೆ ಸಾಧ್ಯ. ಹಾಗೆ ಮಾಡಿದ ಮೇಲೆ ಯಂತ್ರವು ಕೊಡುವ ಉತ್ತರವನ್ನು ನಂಬಬಹುದೇ ಎಂಬುದು ಕಷ್ಟದ ಪ್ರಶ್ನೆ. ಪ್ರಕೃತ ಲೇಖನದಲ್ಲಿ ಈ ಎರಡನ್ನೂ ವಿಚಾರಿಸಲು ಯತ್ನಿಸಿದ್ದೇವೆ.

1. ಸ್ಪಂದನವೆಂದರೇನು?

ಗಣಕದ ಒಳಗೆ ಒಂದು ಸ್ಫಟಿಕದ ಚೂರು ನಿಯತವಾಗಿ ಕಂಪಿಸುತ್ತಿರುತ್ತದೆ. ಆ ಕಂಪನವನ್ನು ಆಧಾರವಾಗಿಟ್ಟುಕೊಂಡು ಒಂದು ಮಂಡಲವು ಯಂತ್ರದ ಎಲ್ಲ ಭಾಗಗಳಿಗೂ ತಾಳದಂತೆ ಸ್ಪಂದನಗಳನ್ನು ಕಳುಹಿಸುತ್ತದೆ. ಸೆಕೆಂಡಿಗೆ ಎಷ್ಟು ಸ್ಪಂದನಗಳೆಂಬುದೇ ಆವೃತ್ತಿ. ಪ್ರೊಸೆಸರಿನ ಆವೃತ್ತಿ ಎರಡು ಸಂಖ್ಯೆಗಳ ಗುಣಲಬ್ಧ: ಹೊರಗಿನ ಮೂಲ ಆವೃತ್ತಿಯೊಂದು, ಪ್ರೊಸೆಸರಿನ ಒಳಗಿನ ಗುಣಕ ಮತ್ತೊಂದು. ಉದಾಹರಣೆಗೆ, ಇಂಟೆಲ್ ಸಂಸ್ಥೆಯು 2007ರ ಜನವರಿಯಲ್ಲಿ ಹೊರತಂದ ಕೋರ್ 2 ಕ್ವಾಡ್ ಕ್ಯೂ6600 ಎಂಬ ಪ್ರೊಸೆಸರಿನ ಮೂಲ ಆವೃತ್ತಿ 266 ಮೆಗಾಹರ್ಟ್ಸ್, ಗುಣಕ 9; ಆದುದರಿಂದ ಅದರ ವೇಗ 2.4 ಗಿಗಾಹರ್ಟ್ಸ್. ಗುಣಕವನ್ನು ಮೇಲಕ್ಕೆ ಏರಿಸದಂತೆ ತಯಾರಕರು ಬಂಧಿಸಿದ್ದಾರೆ. ಹೀಗಿರಲಾಗಿ ವೇಗವನ್ನು ಹೆಚ್ಚಿಸಬೇಕಾದರೆ ಮೂಲ ಆವೃತ್ತಿಯನ್ನೇ ಹೆಚ್ಚಿಸಬೇಕು. ಅದನ್ನು 333ಕ್ಕೆ ಏರಿಸಿದರೆ ವೇಗ 3.0 ಗಿಗಾಹರ್ಟ್ಸ್ ಆಗುತ್ತದೆ. ಎಂದರೆ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚಳ.

ಈ ಸಂಖ್ಯೆಗಳ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳುವುದು ಅವಶ್ಯ. 2.4 ಗಿಗಾಹರ್ಟ್ಸ್‌ನಲ್ಲಿ ಒಂದು ಸ್ಪಂದನಕ್ಕೂ ಮುಂದಿನದಕ್ಕೂ ನಡುವೆ ಇರುವ ಕಾಲ 417 ಪೈಕೊಸೆಕೆಂಡು. ಇಷ್ಟರಲ್ಲಿ ಬೆಳಕು ಸುಮಾರು ಹನ್ನೆರಡೂವರೆ ಸೆಂಟಿಮೀಟರು ಚಲಿಸುತ್ತದೆ. 3.0 ಗಿಗಾಹರ್ಟ್ಸ್‌ನಲ್ಲಿ ಈ ಅವಧಿ 333 ಪೈಕೊಸೆಕೆಂಡಿಗೆ ಇಳಿಯುತ್ತದೆ. ವೇಗಾತಿಕ್ರಮವೆಂದರೆ, ಪ್ರತಿಯೊಂದು ಸೋಪಾನದ ಕೆಲಸವನ್ನೂ 84 ಪೈಕೊಸೆಕೆಂಡು ಮೊದಲೇ ಮುಗಿಸಬೇಕೆಂದು ಯಂತ್ರಕ್ಕೆ ಆಜ್ಞೆ ಮಾಡುವುದು.

2. ಸಡಲಿಕೆ ಎಲ್ಲಿಂದ ಬಂತು?

ಯಂತ್ರವು ಈ ಆಜ್ಞೆಯನ್ನು ಪಾಲಿಸಬಲ್ಲುದೇ ಎಂಬುದನ್ನು ಒಂದು ಸಂಕಲನದಿಂದ ತಿಳಿಯೋಣ. 12345678ಕ್ಕೆ 11111111ನ್ನು ಕೂಡಿದರೆ ಯಾವ ಸ್ಥಾನದಿಂದಲೂ ದಶಕವು ಮುಂದಿನ ಸ್ಥಾನಕ್ಕೆ ಹೋಗುವುದಿಲ್ಲ. ಎಲ್ಲ ಸ್ಥಾನಗಳನ್ನೂ ಏಕಕಾಲದಲ್ಲಿ ಕೂಡಿ ಮುಗಿಸಬಹುದು. ಆದರೆ 99999999ಕ್ಕೆ 1ನ್ನು ಕೂಡಿದರೆ ಬಲತುದಿಯಲ್ಲಿ ಹುಟ್ಟಿದ ದಶಕವು ಸ್ಥಾನದಿಂದ ಸ್ಥಾನಕ್ಕೆ ದಾಟುತ್ತ ಎಡತುದಿಯನ್ನು ಮುಟ್ಟಬೇಕು. ಪ್ರೊಸೆಸರು ದ್ವಿಮಾನ ಪದ್ಧತಿಯಲ್ಲಿ ಕೂಡುತ್ತದೆ, ಮತ್ತು ದಶಕವನ್ನು ಬೇಗ ದಾಟಿಸುವ ಉಪಾಯಗಳು ಅದರಲ್ಲಿ ಉಂಟು. ಆದರೂ ತತ್ತ್ವ ಇದೇ: ಕೆಲವು ದಾರಿಗಳು ಹತ್ತಿರ, ಕೆಲವು ದೂರ. ಇಡೀ ಪ್ರೊಸೆಸರಿನಲ್ಲಿ ಅತ್ಯಂತ ದೀರ್ಘವಾದ ದಾರಿಯನ್ನು ಸಂಕೇತವು ದಾಟಲು ಹಿಡಿಯುವ ಕಾಲವೇ ಅದರ ವೇಗದ ಮಿತಿಯನ್ನು ನಿರ್ಣಯಿಸುತ್ತದೆ.

ಈ ಕಾಲವು ಎಲ್ಲ ಚಿಪ್ಪುಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳಲ್ಲಿಯೂ ಟ್ರಾನ್ಸಿಸ್ಟರುಗಳ ಅಳತೆ ಸೂಕ್ಷ್ಮವಾಗಿ ಬೇರೆಯಾಗಿರುತ್ತದೆ. ಉಷ್ಣತೆ ಏರಿದರೆ, ವೋಲ್ಟೇಜು ತುಸು ಕುಸಿದರೆ, ಅಥವಾ ವರ್ಷಗಳು ಕಳೆದು ಟ್ರಾನ್ಸಿಸ್ಟರುಗಳು ಮುಪ್ಪಾದರೆ ಸಂಕೇತವು ಸಾಮಾನ್ಯವಾಗಿ ಮತ್ತಷ್ಟು ತಡವಾಗುತ್ತದೆ. ತಯಾರಕನು ಪ್ರತಿ ಚಿಪ್ಪನ್ನೂ ಪರೀಕ್ಷಿಸಿ, ವೇಗಕ್ಕನುಸಾರವಾಗಿ ವಿಂಗಡಿಸಿ, ಇವೆಲ್ಲಕ್ಕೂ ಅವಕಾಶವಿಟ್ಟು ಒಂದು ಸಂಖ್ಯೆಯನ್ನು ಅದರ ಮೇಲೆ ಅಚ್ಚೊತ್ತುತ್ತಾನೆ. ಅಲ್ಲದೆ, ಹೆಚ್ಚಿನ ವೇಗಕ್ಕೆ ಸಮರ್ಥವಾದ ಚಿಪ್ಪನ್ನು ಮಾರುಕಟ್ಟೆಯ ಬೇಡಿಕೆಗಾಗಿ ಕಡಮೆ ವೇಗದ ಹೆಸರಿನಲ್ಲಿ ಮಾರುವುದೂ ಉಂಟು. ಆದಕಾರಣ ಚಿಪ್ಪಿನ ಮೇಲಿನ ಸಂಖ್ಯೆಯು ಅದರ ಶಕ್ತಿಯ ಅಳತೆಯಲ್ಲ. ತಯಾರಕನು ಕೊಟ್ಟ ಭಾಷೆ. ಆ ಭಾಷೆಗೂ ನಿಜವಾದ ಶಕ್ತಿಗೂ ನಡುವೆ ಇರುವ ಅಂತರವನ್ನೇ ವೇಗಾತಿಕ್ರಮವು ಬಳಸಿಕೊಳ್ಳುತ್ತದೆ.

3. ಎರಡು ಪೂರ್ವ ನಿದರ್ಶನಗಳು

ಈ ಪ್ರಯತ್ನ ಹೊಸದಲ್ಲ. ಐ.ಬಿ.ಎಂ. ಸಂಸ್ಥೆಯು 1984ರಲ್ಲಿ ಮಾರಾಟಕ್ಕೆ ತಂದ ಪಿ.ಸಿ. ಎ.ಟಿ. ಎಂಬ ಸಿದ್ಧ ಯಂತ್ರದಲ್ಲಿ 12 ಮೆಗಾಹರ್ಟ್ಸ್ ಸ್ಫಟಿಕವಿತ್ತು. ಪ್ರೊಸೆಸರು ಅದರ ಅರ್ಧ, ಎಂದರೆ 6 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುತ್ತಿತ್ತು. ಅನೇಕ ಬಳಕೆದಾರರು ಆ ಸ್ಫಟಿಕವನ್ನು ತೆಗೆದು 16 ಮೆಗಾಹರ್ಟ್ಸ್‌ನದನ್ನು ಇಟ್ಟು 8 ಮೆಗಾಹರ್ಟ್ಸ್ ವೇಗವನ್ನು ಪಡೆದರು. ಅದೇ ಯಂತ್ರದ ಮುಂದಿನ ಮಾದರಿಯೊಂದರಲ್ಲಿ ಐ.ಬಿ.ಎಂ. ವೇಗವನ್ನು ಅಳೆಯುವ ಪರೀಕ್ಷೆಯನ್ನು ಸ್ಥಿರಸ್ಮೃತಿಯಲ್ಲಿಯೇ ಸೇರಿಸಿತು; 6 ಮೆಗಾಹರ್ಟ್ಸ್ ಮೀರಿದ ಯಂತ್ರವು ಆರಂಭವಾಗುತ್ತಲೇ ಇರಲಿಲ್ಲ. ಸಿದ್ಧ ಯಂತ್ರದ ತಯಾರಕನಿಗೂ ಅದರ ಒಡೆಯನಿಗೂ ನಡೆದ ಹಗ್ಗಜಗ್ಗಾಟದ ಆರಂಭದ ಪ್ರಸಂಗಗಳಲ್ಲಿ ಇದೂ ಒಂದು.

ಎರಡನೆಯದು 1998ರಲ್ಲಿ ಬಂದ ಸೆಲೆರಾನ್ 300ಎ. ಅದರ ಮೂಲ ಆವೃತ್ತಿ 66 ಮೆಗಾಹರ್ಟ್ಸ್, ಗುಣಕ 4.5. ಮೂಲವನ್ನು 100ಕ್ಕೆ ಏರಿಸಿದಾಗ ಅನೇಕ ಚಿಪ್ಪುಗಳು 450 ಮೆಗಾಹರ್ಟ್ಸ್‌ನಲ್ಲಿ ನಿರಾತಂಕವಾಗಿ ನಡೆದುವು. ಅಗ್ಗದ ಚಿಪ್ಪು ತನಗಿಂತ ಬಹಳ ದುಬಾರಿಯಾದುದರ ಸಮಕ್ಕೆ ನಿಂತಿತೆಂದು ಅದು ಪ್ರಸಿದ್ಧವಾಯಿತು. ವೇಗವನ್ನು ಬದಲಿಸುವ ಸೌಕರ್ಯವಿಲ್ಲದ ಯಂತ್ರಗಳಲ್ಲಿ ಅದರ ಬಿ21 ಎಂಬ ಸಂಪರ್ಕಪಟ್ಟಿಯ ಮೇಲೆ ಅಂಟುಪಟ್ಟಿಯ ತುಣುಕೊಂದನ್ನು ಅಂಟಿಸಿ ಅದೇ ಫಲವನ್ನು ಪಡೆಯುತ್ತಿದ್ದರು.

4. ಸಿದ್ಧ ಯಂತ್ರದ ವಿಶೇಷ ತೊಡಕುಗಳು

ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಗಣಕದಲ್ಲಿ ಮೂಲ ಆವೃತ್ತಿ, ವೋಲ್ಟೇಜು ಮೊದಲಾದುವನ್ನು ಬಯಾಸ್ ಎಂಬ ಆರಂಭಿಕ ಕ್ರಮವಿಧಿಯಲ್ಲಿಯೇ ಬದಲಿಸಬಹುದು. ಕಚೇರಿಗಳಿಗೆಂದು ತಯಾರಿಸಿದ ಸಿದ್ಧ ಯಂತ್ರಗಳಲ್ಲಿ ಈ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲ. ಸಾವಿರಾರು ಯಂತ್ರಗಳು ಒಂದೇ ರೀತಿ ನಡೆಯಬೇಕೆಂಬುದೇ ಅಲ್ಲಿನ ಮುಖ್ಯ ಉದ್ದೇಶ.

ಆದರೆ ಪ್ರೊಸೆಸರೇ ತನಗೆ ಬೇಕಾದ ಮೂಲ ಆವೃತ್ತಿ ಯಾವುದೆಂದು ತಾಯಿಹಲಗೆಗೆ ತಿಳಿಸುತ್ತದೆ. ಕೋರ್ 2 ವರ್ಗದಲ್ಲಿ ಇದಕ್ಕಾಗಿ ಮೂರು ಸಂಪರ್ಕಬಿಂದುಗಳಿವೆ. ಮೂರೂ ಕೆಳಮಟ್ಟದಲ್ಲಿದ್ದರೆ 266, ನಡುವಿನದು ಮಾತ್ರ ಮೇಲ್ಮಟ್ಟದಲ್ಲಿದ್ದರೆ 200, ಕೊನೆಯದು ಮಾತ್ರ ಮೇಲ್ಮಟ್ಟದಲ್ಲಿದ್ದರೆ 333 ಮೆಗಾಹರ್ಟ್ಸ್ ಎಂದು ಅರ್ಥ. ಕ್ಯೂ6600ರಲ್ಲಿ ಮೂರೂ ಕೆಳಮಟ್ಟದಲ್ಲಿರುತ್ತವೆ. ಕೊನೆಯ ಬಿಂದುವನ್ನು ವಿದ್ಯುನ್ನಿರೋಧಕ ಅಂಟುಪಟ್ಟಿಯಿಂದ ಮುಚ್ಚಿದರೆ ಆ ತಂತಿಯು ತಾನಾಗಿ ಮೇಲ್ಮಟ್ಟಕ್ಕೆ ಏರಿ, ಹಲಗೆಯು ಇದನ್ನು 333ರ ಪ್ರೊಸೆಸರೆಂದು ತಿಳಿಯುತ್ತದೆ. ಸೆಲೆರಾನಿನ ಉಪಾಯವೇ ಒಂಬತ್ತು ವರ್ಷಗಳ ತರುವಾಯ ಮತ್ತೆ ಕೆಲಸಕ್ಕೆ ಬಂದಿತು.

ಇದು ಎಲ್ಲ ಯಂತ್ರಗಳಲ್ಲಿಯೂ ಸಾಧ್ಯವಾಗದು. ಡೆಲ್ ಆಪ್ಟಿಪ್ಲೆಕ್ಸ್ 745ರಲ್ಲಿ ಇರುವ ಕ್ಯೂ965 ಎಂಬ ಸಹಾಯಕ ಚಿಪ್ಪುಗಳಿಗೆ 266 ಮೆಗಾಹರ್ಟ್ಸೇ ವಿಧಿತವಾದ ಮಿತಿ. ಅದರ ಮುಂದಿನ 755ರಲ್ಲಿ ಇರುವ ಕ್ಯೂ35 ಮಾತ್ರ 333ನ್ನು ಬಲ್ಲುದು. ಆದುದರಿಂದ ಪ್ರೊಸೆಸರಿನ ಹೆಸರಿಗಿಂತ ಮೊದಲು ಹಲಗೆಯ ಸಹಾಯಕ ಚಿಪ್ಪಿನ ಹೆಸರನ್ನು ನೋಡಬೇಕು. ಸ್ಮೃತಿಯ ಹಲಗೆಗಳ ವೇಗವೂ ಮೂಲ ಆವೃತ್ತಿಗೆ ಅನುಪಾತದಲ್ಲಿ ಕಟ್ಟಲ್ಪಟ್ಟಿರುವುದರಿಂದ ಅವು ತಾಳಿಕೊಳ್ಳಬಲ್ಲುವೇ ಎಂಬುದನ್ನೂ ನೋಡಬೇಕು.

5. ಉಷ್ಣದ ಲೆಕ್ಕ

ಟ್ರಾನ್ಸಿಸ್ಟರುಗಳ ಚಾಲನೆಯಲ್ಲಿ ವ್ಯಯವಾಗುವ ವಿದ್ಯುತ್ತು ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೋಲ್ಟೇಜನ್ನು ಬದಲಿಸದೆ ಆವೃತ್ತಿಯನ್ನು ಮಾತ್ರ ನೂರಕ್ಕೆ 25 ಹೆಚ್ಚಿಸಿದರೆ ವ್ಯಯವೂ 1.25 ಪಟ್ಟಾಗುತ್ತದೆ. ವೋಲ್ಟೇಜನ್ನೂ ನೂರಕ್ಕೆ 10 ಹೆಚ್ಚಿಸಿದರೆ 1.25ನ್ನು 1.21ರಿಂದ ಗುಣಿಸಬೇಕು, ವ್ಯಯವು 1.51 ಪಟ್ಟಾಗುತ್ತದೆ. ವೇಗದ ಲಾಭ ಕಾಲು ಭಾಗ, ಉಷ್ಣದ ನಷ್ಟ ಅರ್ಧ ಭಾಗ! ವೋಲ್ಟೇಜು ಹೆಚ್ಚಿದರೆ ಸಂಕೇತಗಳು ಬೇಗ ಚಲಿಸುವುದು ನಿಜ. ಅದಕ್ಕೆ ತೆರಬೇಕಾದ ಬೆಲೆ ಇದು.

ಸಿದ್ಧ ಯಂತ್ರದಲ್ಲಿ ವೋಲ್ಟೇಜನ್ನು ಬದಲಿಸಲು ಸಾಧ್ಯವಿಲ್ಲದಿರುವುದು ಒಂದು ದೃಷ್ಟಿಯಿಂದ ರಕ್ಷೆ. ಕ್ಯೂ6600ರ ಮೊದಲ ರೂಪಕ್ಕೆ ಇಂಟೆಲ್ ಹೇಳಿದ ಉಷ್ಣಮಿತಿ 105 ವ್ಯಾಟು, ಅನಂತರದ ರೂಪಕ್ಕೆ 95 ವ್ಯಾಟು. ಕಾಲು ಭಾಗ ಹೆಚ್ಚಿದರೆ ಇವು ಕ್ರಮವಾಗಿ 131 ಮತ್ತು 119 ವ್ಯಾಟುಗಳನ್ನು ಸಮೀಪಿಸುತ್ತವೆ. ಆವೃತ್ತಿಯನ್ನು ಅವಲಂಬಿಸದ ಸೋರಿಕೆಯ ಅಂಶವೂ ಈ ಮಿತಿಯಲ್ಲಿ ಸೇರಿರುವುದರಿಂದ ವಾಸ್ತವದ ಹೆಚ್ಚಳ ತುಸು ಕಡಮೆಯಿರಬಹುದು. ಆದರೂ ಸಿದ್ಧ ಯಂತ್ರದ ಪಂಖ, ಉಷ್ಣಹಾರಕ ಮತ್ತು ವಿದ್ಯುತ್ ಪೂರೈಕೆಯ ಪೆಟ್ಟಿಗೆಗಳನ್ನು ಮೂಲದ ಲೆಕ್ಕಕ್ಕೇ ಹೊಂದಿಸಿರುತ್ತಾರೆಂಬುದನ್ನು ಮರೆಯಲಾಗದು. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಗಾಳಿಯ ಉಷ್ಣತೆಯೇ 40 ಡಿಗ್ರಿಯನ್ನು ದಾಟುವಾಗ ಆ ಪಂಖವು ಒಳಕ್ಕೆಳೆಯುವುದು ಬಿಸಿಗಾಳಿಯನ್ನೇ. ಅತಿಯಾಗಿ ಕಾದರೆ ಪ್ರೊಸೆಸರು ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ. ಆಗ ಪಟ್ಟ ಶ್ರಮವೆಲ್ಲ ವ್ಯರ್ಥ.

ಉಷ್ಣವು ಆಯುಷ್ಯವನ್ನೂ ತಿನ್ನುತ್ತದೆ. ವಿದ್ಯುತ್ ಪ್ರವಾಹದ ಸಾಂದ್ರತೆ ಮತ್ತು ಉಷ್ಣತೆ ಹೆಚ್ಚಿದಷ್ಟೂ ಚಿಪ್ಪಿನೊಳಗಿನ ಲೋಹದ ತಂತಿಗಳಲ್ಲಿ ಪರಮಾಣುಗಳು ಸ್ಥಾನಪಲ್ಲಟಗೊಂಡು ತಂತಿಗಳು ಬೇಗ ಸವೆಯುತ್ತವೆ. ಈ ಸಂಬಂಧವನ್ನು ಜೇಮ್ಸ್ ಬ್ಲ್ಯಾಕ್ ಎಂಬಾತನು 1960ರ ದಶಕದ ಕೊನೆಯಲ್ಲಿ ಸಮೀಕರಣ ರೂಪದಲ್ಲಿ ನಿರೂಪಿಸಿದನು.

6. ದೊರೆಯುವ ಲಾಭ

ಪ್ರೊಸೆಸರಿನ ವೇಗ ಕಾಲು ಭಾಗ ಹೆಚ್ಚಿದರೆ ಕೆಲಸವೂ ಅಷ್ಟೇ ಬೇಗ ಮುಗಿಯುತ್ತದೆಂದು ತಿಳಿಯುವುದು ತಪ್ಪು. ಒಂದು ಲೆಕ್ಕವು ನೂರು ನಿಮಿಷ ಹಿಡಿಯುತ್ತದೆ, ಅದರಲ್ಲಿ ಅರುವತ್ತು ನಿಮಿಷ ಮಾತ್ರ ಪ್ರೊಸೆಸರಿನ ಕೆಲಸ, ಉಳಿದ ನಲವತ್ತು ಡಿಸ್ಕಿಗಾಗಿ ಕಾಯುವುದು ಎಂದು ಭಾವಿಸೋಣ. ಅರುವತ್ತು ನಿಮಿಷವು ನಲವತ್ತೆಂಟಕ್ಕೆ ಇಳಿಯುತ್ತದೆ. ನಲವತ್ತು ಹಾಗೆಯೇ ಉಳಿಯುತ್ತದೆ. ಒಟ್ಟು 88 ನಿಮಿಷ. ಉಳಿತಾಯ ನೂರಕ್ಕೆ ಹನ್ನೆರಡು ಮಾತ್ರ. ಜೀನ್ ಆಮ್ಡಾಲ್ 1967ರಲ್ಲಿ ಸಮಾಂತರ ಗಣನೆಯ ವಿಷಯದಲ್ಲಿ ಮಂಡಿಸಿದ ವಾದದ ಸಾರವೂ ಇದೇ ಆಗಿದೆ. ಹಳೆಯ ಯಂತ್ರದ ತಿರುಗುವ ಡಿಸ್ಕು ಒಂದು ಮಾಹಿತಿಯನ್ನು ಹುಡುಕಲು ಸುಮಾರು 10 ಮಿಲಿಸೆಕೆಂಡು ತೆಗೆದುಕೊಂಡರೆ, ಅರೆವಾಹಕಗಳ ಎಸ್.ಎಸ್.ಡಿ. ಅದರ ನೂರನೆಯ ಒಂದು ಭಾಗದಷ್ಟು ಕಾಲವನ್ನು ತೆಗೆದುಕೊಳ್ಳುತ್ತದೆ. ಡಿಸ್ಕನ್ನು ಬದಲಿಸಿ ಸ್ಮೃತಿಯನ್ನು ಹೆಚ್ಚಿಸಿದರೆ, ಬಹುಪಾಲು ದೈನಂದಿನ ಕೆಲಸಗಳಲ್ಲಿ ವೇಗಾತಿಕ್ರಮಕ್ಕಿಂತ ಹೆಚ್ಚಿನ ಪ್ರಯೋಜನವು ಕಡಮೆ ಅಪಾಯದಲ್ಲಿ ದೊರೆಯುತ್ತದೆ.

7. ಮೌನವಾದ ತಪ್ಪು

ಈಗ ಕಷ್ಟದ ಪ್ರಶ್ನೆಗೆ ಬರೋಣ. ಮೇಲ್ಕಂಡ ಸಂಕಲನದಲ್ಲಿ ದಶಕವು ಎಡತುದಿಯನ್ನು ಮುಟ್ಟುವ ಮೊದಲೇ ಸ್ಪಂದನವು ಬಿದ್ದರೆ ಏನಾಗುತ್ತದೆ? ಯಂತ್ರವು ನಿಲ್ಲುವುದಿಲ್ಲ, ಆ ಕ್ಷಣದಲ್ಲಿ ಇದ್ದುದನ್ನೇ ಉತ್ತರವೆಂದು ಸ್ವೀಕರಿಸಿ ಮುಂದುವರಿಯುತ್ತದೆ. ತಪ್ಪು ಬೀಳುವುದು ಬಿಡಿಯ ಸ್ಥಾನದಲ್ಲಲ್ಲ, ಅತ್ಯಂತ ಬೆಲೆಯುಳ್ಳ ಎಡತುದಿಯ ಸ್ಥಾನದಲ್ಲಿ. ಅದೇ ಯಂತ್ರವು ದಶಕವಿಲ್ಲದ ಸಂಕಲನವನ್ನು ಸರಿಯಾಗಿಯೇ ಮಾಡಿರುತ್ತದೆ; ಆದ್ದರಿಂದ ನೋಡುವವರಿಗೆ ಸಂಶಯವೇ ಹುಟ್ಟುವುದಿಲ್ಲ. ಆ ತಪ್ಪು ಒಂದು ವಿಳಾಸದಲ್ಲಿ ಬಿದ್ದರೆ ಯಂತ್ರವು ಸ್ತಬ್ಧವಾಗುತ್ತದೆ. ಅದು ಪುಣ್ಯವೆಂದೇ ಹೇಳಬೇಕು. ಅಳತೆಗಳ ಕೋಷ್ಟಕವೊಂದರ ನಡುವೆ ಬಿದ್ದರೆ ಯಾರಿಗೂ ಗೊತ್ತಾಗದೆ ಪ್ರಬಂಧದೊಳಕ್ಕೆ ಸೇರಿಹೋಗುತ್ತದೆ. ದೋಷವನ್ನು ತಿದ್ದಬಲ್ಲ ಸ್ಮೃತಿಯಿದ್ದರೂ ಉಪಯೋಗವಿಲ್ಲ. ಅದು ಕಾಯುವುದು ತನ್ನಲ್ಲಿ ಇಟ್ಟ ಸಂಖ್ಯೆಯನ್ನು, ಆ ಸಂಖ್ಯೆ ಸರಿಯೇ ಎಂಬುದನ್ನಲ್ಲ.

ಈ ಭಯ ಕೇವಲ ಊಹೆಯಲ್ಲ. ಮೈಕ್ರೊಸಾಫ್ಟ್ ಸಂಸ್ಥೆಯ ಸಂಶೋಧಕರು ಸುಮಾರು ಹತ್ತು ಲಕ್ಷ ಗಣಕಗಳ ಕುಸಿತದ ವರದಿಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೇಗಾತಿಕ್ರಮಕ್ಕೆ ಒಳಗಾದ ಯಂತ್ರಗಳು ಉಳಿದವಕ್ಕಿಂತ ಬಹಳ ಹೆಚ್ಚಾಗಿ ಕುಸಿಯುತ್ತವೆಂದು ಕಂಡುಬಂದಿತು. ಅಷ್ಟೇ ಅಲ್ಲ, ನಿಗದಿಗಿಂತ ಕಡಮೆ ವೇಗದಲ್ಲಿ ನಡೆದ ಯಂತ್ರಗಳು ಹೆಚ್ಚು ನಂಬಿಕೆಗೆ ಅರ್ಹವಾಗಿದ್ದುವು. ಕುಸಿತವು ಕಣ್ಣಿಗೆ ಬೀಳುವ ತಪ್ಪು. ಕಣ್ಣಿಗೆ ಬೀಳದವು ಈ ಲೆಕ್ಕದಲ್ಲಿ ಸೇರಿಲ್ಲ.

ಪರೀಕ್ಷೆಯ ಮಾರ್ಗ ಒಂದಿದೆ. ಉತ್ತರ ಮೊದಲೇ ಗೊತ್ತಿರುವ ದೀರ್ಘವಾದ ಲೆಕ್ಕವನ್ನು ಯಂತ್ರದಿಂದ ಮಾಡಿಸಿ ಹೋಲಿಸಿ ನೋಡುವುದು. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಶೋಧಕ್ಕಾಗಿ ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ ಯೋಜನೆಯ ಪ್ರೈಮ್95 ಎಂಬ ಕ್ರಮವಿಧಿಯಲ್ಲಿ ಇಂಥ ಪರೀಕ್ಷೆಯುಂಟು. ವೇಗಾತಿಕ್ರಮ ಮಾಡುವವರು ಅದನ್ನು ಗಂಟೆಗಟ್ಟಲೆ, ಕೆಲವೊಮ್ಮೆ ಇಡೀ ದಿನ ನಡೆಸುತ್ತಾರೆ. ಆದರೆ ಅದರ ತರ್ಕವನ್ನು ಚೆನ್ನಾಗಿ ಗ್ರಹಿಸಬೇಕು. ಪರೀಕ್ಷೆಯಲ್ಲಿ ಒಂದು ತಪ್ಪು ಬಂದರೂ ಯಂತ್ರವು ಅಯೋಗ್ಯವೆಂದು ಸಿದ್ಧವಾಗುತ್ತದೆ. ತಪ್ಪು ಬರದಿದ್ದರೆ ಯೋಗ್ಯವೆಂದು ಸಿದ್ಧವಾಗುವುದಿಲ್ಲ. ಆ ದಾರಿಗಳಲ್ಲಿ, ಆ ದಿನದ ಉಷ್ಣತೆಯಲ್ಲಿ ತಪ್ಪಲಿಲ್ಲವೆಂದಷ್ಟೇ ತಿಳಿಯುತ್ತದೆ. ಮಾಘದಲ್ಲಿ ಉತ್ತೀರ್ಣವಾದ ಯಂತ್ರವು ವೈಶಾಖದಲ್ಲಿ ಅನುತ್ತೀರ್ಣವಾಗಬಹುದು.

8. ಉಪಸಂಹಾರ

ಹಾಗಾದರೆ ಈ ವಿದ್ಯೆ ತ್ಯಾಜ್ಯವೇ? ಹಾಗೆಂದು ನಾವು ಹೇಳುವುದಿಲ್ಲ. ಉಗ್ರಾಣಕ್ಕೆ ಸೇರಿದ ಒಂದು ಯಂತ್ರವನ್ನು ತಂದು, ವಿದ್ಯಾರ್ಥಿಗಳಿಂದ ಅದರ ಆವೃತ್ತಿಯನ್ನು ಏರಿಸಿ, ಉಷ್ಣತೆಯನ್ನು ಅಳೆಯಿಸಿ, ಎಲ್ಲಿ ತಪ್ಪು ಮೊದಲಾಗುತ್ತದೆಂದು ಹುಡುಕಿಸುವುದು ಸೊಗಸಾದ ಪ್ರಯೋಗಪಾಠ. ಟ್ರಾನ್ಸಿಸ್ಟರಿನ ಭೌತಶಾಸ್ತ್ರ, ಉಷ್ಣವಹನ, ತರ್ಕಮಂಡಲಗಳ ರಚನೆ, ಪ್ರಮಾಣವಿಚಾರ ಈ ನಾಲ್ಕೂ ಅದರಲ್ಲಿ ಒಟ್ಟಿಗೆ ಕೂಡಿಬರುತ್ತವೆ. ಆದರೆ ಯಾವ ಯಂತ್ರದಿಂದ ಬಂದ ಸಂಖ್ಯೆಯನ್ನು ನಾವು ಪ್ರಬಂಧದಲ್ಲಿ ಅಚ್ಚುಹಾಕಿಸಿ ಕೆಳಗೆ ಸಹಿ ಮಾಡುತ್ತೇವೆಯೋ ಅದನ್ನು ನಿಗದಿಯಾದ ವೇಗದಲ್ಲಿಯೇ ನಡೆಸುವುದು ಯುಕ್ತ. ಅನಿವಾರ್ಯವಾಗಿ ಮೀರಿದಲ್ಲಿ, ಅದೇ ಲೆಕ್ಕವನ್ನು ನಿಗದಿಯಾದ ವೇಗದ ಮತ್ತೊಂದು ಯಂತ್ರದಲ್ಲಿ ಮಾಡಿ ತಾಳೆ ನೋಡಬೇಕು. ಹಾಗೆ ಮೀರಿದ್ದನ್ನು ಪ್ರಬಂಧದಲ್ಲಿ ನಮೂದಿಸಬೇಕು. ಚಿಪ್ಪಿನ ಮೇಲಿನ ಸಂಖ್ಯೆ ತಯಾರಕನ ಭಾಷೆಯೆಂದು ಹೇಳಿದೆವಷ್ಟೆ. ಅದನ್ನು ದಾಟಿದ ಕ್ಷಣದಿಂದ ಉತ್ತರ ಸರಿಯೆಂಬ ಭಾಷೆಯನ್ನು ಕೊಡಬೇಕಾದವರು ನಾವು. ಕೊಡಲು ಸಿದ್ಧರಿಲ್ಲದಿದ್ದರೆ ಹನ್ನೆರಡು ನಿಮಿಷ ಹೆಚ್ಚಾಗಿ ಕಾಯುವುದೇ ಲೇಸು.