ಕಿವುಡು ಮತ್ತು ಜಾಣಕಿವುಡು

ಗೋವಾದ ದಾಬೋಲಿಮ್‌ನಲ್ಲಿ ವಿಮಾನ ಇಳಿದ ಮೇಲೆ ಎಲ್ಲರಿಗೂ ಬ್ಯಾಗ್ ಇಳಿಸಿಕೊಳ್ಳುವ ಆತುರ. ಆ ಗಡಿಬಿಡಿಯಲ್ಲಿ ಕಿಟಕಿಯಾಚೆಗಿನ ಒಂದು ನೋಟ ತಪ್ಪಿಹೋಗುತ್ತದೆ. ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡ ಸಿಬ್ಬಂದಿಯೊಬ್ಬರು ಎರಡೂ ಕೈಯಲ್ಲಿ ಕೋಲು ಹಿಡಿದು ನಿಂತಿರುತ್ತಾರೆ. ಮೊಣಕೈ ಮಡಿಸಿ ಕೋಲುಗಳನ್ನು ತಮ್ಮತ್ತ ಬೀಸಿದರೆ 'ಮುಂದೆ ಬಾ', ತಲೆಯ ಮೇಲೆ ಅಡ್ಡಡ್ಡ ಹಿಡಿದರೆ 'ನಿಲ್ಲು'. ಅಷ್ಟು ದೊಡ್ಡ ವಿಮಾನ ಕೈಸನ್ನೆಗೆ ತಲೆಬಾಗಿ ನಿಲ್ಲುತ್ತದೆ.

ಇದೇ ನೆಲದಲ್ಲಿ ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯೂ ಇದೆ. ಮಿಗ್-29ಕೆ ಯುದ್ಧವಿಮಾನ ಮೇಲೇಳುವ ಹೊತ್ತಿಗೆ ಎಂಥ ಚುರುಕು ಕಿವಿಯೂ ಕೆಲಸಕ್ಕೆ ಬಾರದು. ಸದ್ದು ಮಿತಿಮೀರಿದ ಕಡೆ ಕಿವಿ ಇದ್ದವರೂ ಕೈಯಲ್ಲೇ ಮಾತಾಡಬೇಕು.

ಸದ್ದಿನ ನಡುವೆ ಕಿವುಡೇ ಅನುಕೂಲವಾಯಿತು ಎಂದು ಹೇಳಿಕೊಂಡ ಉದ್ಯಮಿಯೊಬ್ಬನಿದ್ದ. ನಮ್ಮ ಶಾಲೆಯ ಪಾಠಗಳಲ್ಲಿ ಆತ ಬಲ್ಬ್ ಕಂಡುಹಿಡಿದ ವಿಜ್ಞಾನಿ. ಕಿವಿ ಕೇಳದ ವ್ಯಾಪಾರಿಯಾಗಿ ಥಾಮಸ್ ಆಲ್ವಾ ಎಡಿಸನ್ ಕಲಿಸುವ ಪಾಠಗಳೇ ಬೇರೆ.

ಕಲಿಕೆ: ಹಲ್ಲಿನಿಂದ ಕೇಳಿದವನು

1847ರಲ್ಲಿ ಅಮೆರಿಕದ ಓಹಾಯೊದಲ್ಲಿ ಹುಟ್ಟಿದ ಎಡಿಸನ್ ಶಾಲೆಗೆ ಹೋದದ್ದು ಕೆಲವೇ ತಿಂಗಳು. ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. ಹನ್ನೆರಡರ ಹೊತ್ತಿಗೆ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರುವ ಹುಡುಗನಾದ. ಕಿವಿ ಮಂದವಾದದ್ದೂ ಸರಿಸುಮಾರು ಆಗಲೇ. ಡೆಟ್ರಾಯಿಟ್ ತಲುಪಿದ ರೈಲು ಹಿಂದಿರುಗುವವರೆಗೆ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದ.

ಮುಂದೆ ಟೆಲಿಗ್ರಾಫ್ ಕೆಲಸ ಸಿಕ್ಕಿತು. ಹತ್ತಾರು ಯಂತ್ರಗಳು ಒಟ್ಟಿಗೆ ಟಕಟಕ ಎನ್ನುವ ಕಚೇರಿಯಲ್ಲಿ ಎಡಿಸನ್‌ಗೆ ಕೇಳುತ್ತಿದ್ದದ್ದು ತನ್ನ ಮೇಜಿನ ಯಂತ್ರ ಮಾತ್ರ. ಉಳಿದವರಿಗೆ ತಲೆನೋವಾದ ಗದ್ದಲ ಈತನನ್ನು ಮುಟ್ಟಲೇ ಇಲ್ಲ.

ಮೊದಲ ಪೇಟೆಂಟ್ ಸಿಕ್ಕಿದ್ದು 1869ರಲ್ಲಿ, ಶಾಸನಸಭೆಯ ಮತಗಳನ್ನು ಚಕಚಕನೆ ಎಣಿಸುವ ಯಂತ್ರಕ್ಕೆ. ರಾಜಕಾರಣಿಗಳಿಗೆ ಅದು ಬೇಡವಾಯಿತು, ಎಣಿಕೆ ತಡವಾದಷ್ಟೂ ಅವರಿಗೆ ಲಾಭ! ಯಾರೂ ಕೊಳ್ಳದ ವಸ್ತುವಿನ ಗೋಜಿಗೆ ಇನ್ನು ಹೋಗಬಾರದೆಂದು ಎಡಿಸನ್ ಅಂದೇ ತೀರ್ಮಾನಿಸಿದ.

ಬೆಲ್‌ನ ಟೆಲಿಫೋನಿನ ಸಣ್ಣ ದನಿ ಈತನಿಗೆ ಕೇಳುತ್ತಿರಲಿಲ್ಲ. ಅದಕ್ಕೆಂದೇ ಹಟ ಹಿಡಿದು ಇಂಗಾಲದ ಟ್ರಾನ್ಸ್‌ಮಿಟರ್ ರೂಪಿಸಿದ. ಅದೇ ತತ್ವದ ಮೌತ್‌ಪೀಸ್ ಸುಮಾರು ನೂರು ವರ್ಷ ಜಗತ್ತಿನ ಫೋನುಗಳಲ್ಲಿ ಉಳಿಯಿತು. 1877ರಲ್ಲಿ ಫೋನೋಗ್ರಾಫ್ ಬಂತು. ಸಂಗೀತ ಕೇಳಬೇಕೆನಿಸಿದಾಗ ಎಡಿಸನ್ ಯಂತ್ರದ ಮರವನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದ. ನಾದದ ಕಂಪನ ಹಲ್ಲು, ದವಡೆ, ತಲೆಬುರುಡೆ ದಾಟಿ ಒಳಗಿವಿಗೆ ಮುಟ್ಟುತ್ತಿತ್ತು. ಜಗತ್ತಿಗೆ ಧ್ವನಿಮುದ್ರಣ ಕೊಟ್ಟವನು ಅದನ್ನು ಕೇಳಿದ್ದು ಹೀಗೆ.

ನಾಯಕತ್ವ: ಕೇಳದ ಕಿವಿ, ಕೇಳಿಸಿಕೊಳ್ಳದ ಮನಸ್ಸು

1876ರಲ್ಲಿ ಮೆನ್ಲೊ ಪಾರ್ಕ್‌ನಲ್ಲಿ ಕಟ್ಟಿದ ಪ್ರಯೋಗಾಲಯದ ಬಲವೇ ಎಡಿಸನ್ ಕಟ್ಟಿದ ತಂಡ. ಯಂತ್ರದ ಕೆಲಸಕ್ಕೆ ಸ್ವಿಟ್ಜರ್ಲೆಂಡಿನ ಜಾನ್ ಕ್ರೂಸಿ, ಪ್ರಯೋಗಕ್ಕೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಚಲರ್, ಲೆಕ್ಕಕ್ಕೆ ಫ್ರಾನ್ಸಿಸ್ ಅಪ್ಟನ್. ಬಾಯಿಮಾತಿಗಿಂತ ಕಾಗದದ ಮೇಲಿನ ಚಿತ್ರಕ್ಕೇ ಅಲ್ಲಿ ಬೆಲೆ. ಎಡಿಸನ್ ಗೀಚಿ ಕೊಟ್ಟದ್ದನ್ನು ಕ್ರೂಸಿ ಲೋಹದಲ್ಲಿ ಮಾಡಿ ತರುತ್ತಿದ್ದ. ಚಿತ್ರದಲ್ಲಿ ಹೇಳಿದ್ದು ಕಿವಿ ಇದ್ದವರಿಗೂ ಸ್ಪಷ್ಟ. ತಾನೊಬ್ಬನೇ ಎಲ್ಲ ಬಲ್ಲೆ ಎಂದುಕೊಳ್ಳದೆ, ಬಲ್ಲವರನ್ನು ಸುತ್ತ ಕೂರಿಸಿಕೊಂಡದ್ದು ದೊಡ್ಡತನ.

ಆದರೆ ಇದೇ ಮನುಷ್ಯ ಮುಂದೆ ಎಡವಿದ. ಎಸಿ (ಪರ್ಯಾಯ) ವಿದ್ಯುತ್ತನ್ನು ದೂರದ ಊರಿಗೂ ಒಯ್ಯಬಹುದೆಂದು ತಿಳಿದವರು ಹೇಳಿದಾಗ, ತಾನು ಮಾರುತ್ತಿದ್ದ ಡಿಸಿ (ನೇರ) ವಿದ್ಯುತ್ತೇ ಸರಿ ಎಂದು ಪಟ್ಟು ಹಿಡಿದ. ಎಸಿ ಜೀವ ತೆಗೆಯುವ ವಿದ್ಯುತ್ ಎಂದು ಪ್ರಚಾರಕ್ಕೂ ಇಳಿದ. ಇದಕ್ಕೆ ಕನ್ನಡದಲ್ಲಿ ಚೊಕ್ಕ ಪದವಿದೆ: ಜಾಣಕಿವುಡು. 1892ರಲ್ಲಿ ಇನ್ನೊಂದು ಕಂಪನಿಯೊಡನೆ ವಿಲೀನಗೊಂಡು ಆತನ ಕಂಪನಿ ಜನರಲ್ ಎಲೆಕ್ಟ್ರಿಕ್ ಆಯಿತು, ಹೆಸರಿನಿಂದ ಎಡಿಸನ್ ಕಾಣೆಯಾದ.

ಈ ಕಥೆಯ ಕೊನೆಯ ಸಾಲು ನಮ್ಮ ನೆಲದಲ್ಲೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 148 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು. ಅದು ಎಸಿ ವಿದ್ಯುತ್. ವಿದ್ಯುತ್ ಯಂತ್ರಗಳನ್ನು ಕೊಟ್ಟ ಕಂಪನಿ ಅದೇ ಜನರಲ್ ಎಲೆಕ್ಟ್ರಿಕ್! ಕಿವುಡು ಎಡಿಸನ್‌ನನ್ನು ಬೆಳೆಸಿತು, ಜಾಣಕಿವುಡು ಸ್ವಂತ ಕಂಪನಿಯ ಹೊರಗೆ ನಿಲ್ಲಿಸಿತು.

ಮನೆ: ಬೆರಳಿನ ಮಾತು

1886ರಲ್ಲಿ ಎರಡನೇ ಮದುವೆಯಾದ ಮೀನಾಗೆ ಎಡಿಸನ್ ಮೋರ್ಸ್ ಸಂಕೇತ ಕಲಿಸಿದ್ದ. ನಾಟಕ ನೋಡುವಾಗ ನಟರ ಮಾತನ್ನು ಆಕೆ ಬೆರಳಿನಿಂದ ಗಂಡನ ಮೈಮೇಲೆ ತಟ್ಟಿ ತಿಳಿಸುತ್ತಿದ್ದಳಂತೆ. ಕತ್ತಲೆಯ ನಾಟಕಶಾಲೆಯಲ್ಲಿ ಗಂಡ ಹೆಂಡತಿಗಷ್ಟೇ ಗೊತ್ತಾಗುವ ಮಾತು. ಮೊದಲ ಹೆಂಡತಿ ಮೇರಿಯ ಪಾಲಿಗೆ ಬಂದದ್ದು ಗಂಡನ ದಾರಿ ಕಾಯುವ ರಾತ್ರಿಗಳು. ಆಕೆಯ ಮಕ್ಕಳಲ್ಲಿ ಮೊದಲ ಇಬ್ಬರಿಗೆ 'ಡಾಟ್', 'ಡ್ಯಾಶ್' ಎಂದು ಅಡ್ಡಹೆಸರಿಟ್ಟ ಅಪ್ಪ, ಮಕ್ಕಳೊಡನೆ ಇದ್ದದ್ದು ಕಡಿಮೆ. ಹಿರಿಮಗ ಎಡಿಸನ್ ಎಂಬ ಹೆಸರನ್ನೇ ಮಾರಿಕೊಂಡು ಬದುಕಲು ಹೋದಾಗ ಅಪ್ಪ ಕೋರ್ಟಿನ ಮೊರೆ ಹೋಗಬೇಕಾಯಿತು. ಹೆಂಡತಿಯ ಬೆರಳಿಗೆ ಕೊಟ್ಟ ಗಮನವನ್ನು ಮಕ್ಕಳಿಗೂ ಕೊಟ್ಟಿದ್ದರೆ ಎನಿಸದಿರದು.

ನಮ್ಮ ಪಾಲಿನ ಕೆಲಸ

ಕಿವುಡು ವರವೆಂದು ಎಡಿಸನ್ ಹೇಳಿಕೊಂಡ ಮಾತ್ರಕ್ಕೆ ಅದು ಎಲ್ಲರಿಗೂ ವರವಲ್ಲ. ಆತನಿಗೆ ಮಾತು ಕಲಿತ ಮೇಲೆ ಕಿವಿ ಮಂದವಾಯಿತು. ಹುಟ್ಟಿನಿಂದಲೇ ಕೇಳಿಸದ ಮಗುವಿಗೆ ಸಂಜ್ಞಾ ಭಾಷೆಯನ್ನೂ ಕಲಿಸದಿದ್ದರೆ ಅದಕ್ಕೆ ಭಾಷೆಯೇ ಇಲ್ಲ.

2011ರ ಜನಗಣತಿಯ ಲೆಕ್ಕದಲ್ಲಿ ದೇಶದಲ್ಲಿ ಶ್ರವಣದೋಷ ಉಳ್ಳವರು 50 ಲಕ್ಷಕ್ಕೂ ಹೆಚ್ಚು. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಕೆಲಸ ಮಾಡುತ್ತಿದೆ. ಭಾರತೀಯ ಸಂಜ್ಞಾ ಭಾಷೆಗಾಗಿಯೇ 2015ರಲ್ಲಿ ದೆಹಲಿಯಲ್ಲಿ ಕೇಂದ್ರ ಶುರುವಾಯಿತು. ಅದರ ನಿಘಂಟು 2021ರ ಹೊತ್ತಿಗೆ 10,000 ಪದ ಮುಟ್ಟಿತು. ಅಂಗವಿಕಲರ ಸ್ವಂತ ಉದ್ಯೋಗಕ್ಕೆ ಸಾಲ ಕೊಡಲೆಂದೇ 1997ರಲ್ಲಿ ಹುಟ್ಟಿದ ಕೇಂದ್ರ ನಿಗಮವಿದೆ. ಸಾಲ ಸಿಕ್ಕಿ ಅಂಗಡಿ ತೆರೆದ ಮೇಲೂ ಕಿವಿ ಕೇಳದ ವ್ಯಾಪಾರಿಗೆ ಗಿರಾಕಿ ಬೇಕಲ್ಲ? ಆ ಗಿರಾಕಿ ನಾವು.

ಅಂಥ ಅಂಗಡಿಗೆ ಹೋದರೆ ಕೂಗಬೇಡಿ. ಬೆಳಕಿಗೆ ಮುಖ ಕೊಟ್ಟು ನಿಲ್ಲಿ, ಬೇಕಾದ್ದನ್ನು ಬೆರಳಿನಿಂದ ತೋರಿಸಿ, ಇಲ್ಲವೇ ಚೀಟಿಯಲ್ಲಿ ಬರೆಯಿರಿ. ಪಕ್ಕದಲ್ಲಿ ನಿಂತ ನೆಂಟರನ್ನು ಕೇಳದೆ ಮಾಲೀಕರನ್ನೇ ಕೇಳಿ. ಹಾಗೆಯೇ, ಮುಂದಿನ ಸಲ ದಾಬೋಲಿಮ್‌ನಲ್ಲಿ ಇಳಿದಾಗ ಬ್ಯಾಗಿಗೆ ಕೈಹಾಕುವ ಮುನ್ನ ಒಮ್ಮೆ ಕಿಟಕಿಯಾಚೆ ನೋಡಿ. ಅಲ್ಲಿ ಕೈಮಾತನ್ನು ನಂಬಿಯೇ ನಮ್ಮ ವಿಮಾನ ಸುರಕ್ಷಿತವಾಗಿ ತನ್ನ ಜಾಗಕ್ಕೆ ಬಂದು ನಿಂತಿರುತ್ತದೆ.