ಬೆಳಕಿನಿಂದ ಆಮ್ಲಜನಕದ ಅಳತೆ: ಕೊಳಚೆ ನೀರಿನ ಶುದ್ಧೀಕರಣದಲ್ಲಿ ಅದರ ಪ್ರಯೋಜನ

ಧಾನ್ಯ ತುಂಬಿದ ಹಗೇವಿನ ಬಾಯಿ ತೆರೆದೊಡನೆ ಯಾರೂ ಒಳಕ್ಕೆ ಇಳಿಯಬಾರದೆಂಬುದು ಹಳ್ಳಿಯ ಹಿರಿಯರೆಲ್ಲರೂ ಅರಿತ ಮಾತು. ಮುಚ್ಚಿದ ಹಗೇವಿನಲ್ಲಿ ಧಾನ್ಯವೂ ಅದನ್ನು ಹಿಡಿದ ಹುಳುಗಳೂ ಉಸಿರಾಡುತ್ತ, ಒಳಗಿನ ಆಮ್ಲಜನಕವನ್ನು, ಅಂದರೆ ಪ್ರಾಣವಾಯುವನ್ನು, ತೀರಿಸಿಬಿಡುವುವು; ಅದರ ಸ್ಥಳದಲ್ಲಿ ಇಂಗಾಲಾಮ್ಲ ವಾಯು ತುಂಬಿಕೊಳ್ಳುವುದು. ಆದಕಾರಣವೇ ಹಗ್ಗಕ್ಕೆ ಕಟ್ಟಿದ ದೀಪವನ್ನು ಮೊದಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳನ್ನು ಇಳಿಸುವ ಪದ್ಧತಿ ಬಳಕೆಗೆ ಬಂದಿತು.

ಪದ್ಧತಿಯು ವಿವೇಕದಿಂದ ಹುಟ್ಟಿದುದಾದರೂ ದೀಪದ ಸಾಕ್ಷಿ ಪೂರ್ಣವಾದುದಲ್ಲ. ಹೊರಗಿನ ಗಾಳಿಯ ನೂರು ಪಾಲಿನಲ್ಲಿ ಆಮ್ಲಜನಕವು ಸುಮಾರು 21 ಪಾಲು ಇರುವುದು. ಅದು 16 ಅಥವಾ 17 ಪಾಲಿಗೆ ಇಳಿಯುವವರೆಗೂ ದೀಪವು ಉರಿಯುತ್ತಲೇ ಇರುವುದು, ಆದರೆ 19.5ಕ್ಕಿಂತ ಕಡಮೆಯಾದೊಡನೆಯೇ ಅಂತಹ ಸ್ಥಳವು ಕೆಲಸಕ್ಕೆ ಯೋಗ್ಯವಲ್ಲವೆಂದು ಈಗಿನ ತಜ್ಞರು ಎಣಿಸುವರು. ದೀಪವು ಇದೆ ಅಥವಾ ಇಲ್ಲ ಎಂದು ಹೇಳಬಲ್ಲುದೇ ಹೊರತು ಎಷ್ಟಿದೆ ಎಂದು ಹೇಳಲಾರದು. ತಾನು ಅಳೆಯಬೇಕಾದ ಆಮ್ಲಜನಕವನ್ನು ತಾನೇ ತಿನ್ನುವುದು. ಉರಿಯುವ ಅನಿಲವಿರುವ ಗುಂಡಿಗಳಲ್ಲಿ ಅದರಿಂದಲೇ ಬೆಂಕಿಯ ಅಪಾಯ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನಂತೂ ಅದು ತಿಳಿಸಲಾರದು. ಈ ಕೊರತೆಗಳೊಂದೂ ಇಲ್ಲದೆ, ಬೆಳಕಿನಿಂದಲೇ ಆಮ್ಲಜನಕವನ್ನು ಅಳೆಯುವ ಉಪಾಯವೊಂದು ಕೈಗಾರಿಕೆಗಳಲ್ಲಿ ಈಗ ವಿಶೇಷವಾಗಿ ಬಳಕೆಯಲ್ಲಿದೆ. ಕೆರೆಯ ನೀರಿಗೂ ಅದಕ್ಕೂ ಸಂಬಂಧವಿರುವುದರಿಂದ ಗ್ರಾಮದ ಯಜಮಾನರೂ ಜಮೀನುದಾರರೂ ಅದನ್ನು ತಿಳಿದಿರುವುದು ಲೇಸು.

ಕೊಳಚೆ ನೀರಿಗೂ ಉಸಿರು ಬೇಕು

ಪಟ್ಟಣದ ಕೊಳಚೆ ನೀರನ್ನು ಶುದ್ಧಮಾಡುವ ಮುಖ್ಯವಾದ ಕೆಲಸವನ್ನು ಮಾಡುವುದು ಯಂತ್ರವಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು 1914ರಲ್ಲಿ ಇದನ್ನು ಲೋಕಕ್ಕೆ ತೋರಿಸಿಕೊಟ್ಟರು. ಕೊಳಚೆಗೆ ಗಾಳಿ ಊದಿ, ತಳಕ್ಕೆ ನಿಂತ ಕೆಸರನ್ನು ಎಸೆಯದೆ ಮತ್ತೆ ಹೊಸ ಕೊಳಚೆಗೆ ಬೆರೆಸಿದರೆ, ಆ ಜೀವಂತ ಕೆಸರಿನಲ್ಲಿರುವ ಜೀವಿಗಳು ಕಲ್ಮಷವನ್ನು ಬೇಗನೆ ತಿಂದು ತೀರಿಸುವುವೆಂಬುದು ಅವರ ಶೋಧ. ಈ ಕೆಲಸಕ್ಕೆ ಪ್ರೇರಕರಾಗಿದ್ದ ಗಿಲ್ಬರ್ಟ್ ಫೌಲರ್ ಎಂಬವರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಹೀಗೆ ಈ ವಿದ್ಯೆಯು ಕನ್ನಡನಾಡಿಗೆ ಹೊಸದೇನೂ ಅಲ್ಲ.

ಈ ಜೀವಿಗಳಿಗೆ ಆಮ್ಲಜನಕ ಸಾಲದೆ ಹೋದರೆ ಕೊಳಚೆಯು ನಾರತೊಡಗುವುದು. ಕೆಸರು ತಳಕ್ಕೆ ನಿಲ್ಲದೆ ನೀರಿನೊಡನೆ ಹೊರಟುಹೋಗುವುದು. ಅಮೋನಿಯಾ ಮಾರ್ಪಡದೆ ಉಳಿಯುವುದು. ಅಮೋನಿಯಾದ ಒಂದು ಪಾಲು ಸಾರಜನಕವನ್ನು ನೈಟ್ರೇಟಾಗಿ ಮಾರ್ಪಡಿಸಲು ಸುಮಾರು ನಾಲ್ಕೂವರೆ ಪಾಲು ಆಮ್ಲಜನಕ ಬೇಕು. ತೊಟ್ಟಿಯಲ್ಲಿ ತೀರಿಸದ ಈ ಸಾಲವನ್ನು ಮುಂದೆ ನೀರು ಸೇರಿದ ಕೆರೆಯೇ ತೀರಿಸಬೇಕಾಗುವುದು. ಕೆರೆಯ ಆಮ್ಲಜನಕ ಅದಕ್ಕೆ ವೆಚ್ಚವಾಗಿ ಮೀನು ಸಾಯುವುದು. ಗಾಳಿಯನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಊದಿದರೂ ನಷ್ಟವೇ. ಇಂತಹ ಕಾರ್ಖಾನೆಯ ವಿದ್ಯುತ್ ಖರ್ಚಿನಲ್ಲಿ ಸುಮಾರು ಅರ್ಧ ಭಾಗವು ಗಾಳಿ ಊದುವುದಕ್ಕೇ ಹೋಗುವುದು. ಆದುದರಿಂದ ತೊಟ್ಟಿಯ ನೀರಿನಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಉಳಿದಿರುವಂತೆ ನೋಡಿಕೊಳ್ಳುವುದು ಸಾಮಾನ್ಯ ರೂಢಿ. ಸಣ್ಣ ಅಂಕಿಯೇ ಸರಿ. ಆದರೆ ಅದನ್ನು ಹಗಲಿರುಳೂ ತಪ್ಪದೆ ಕಾಯಬೇಕು.

ಹಿಂದಿನ ವಿಧಾನಗಳು

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ನಂಬಿಕೆಯ ರಾಸಾಯನಿಕ ವಿಧಾನವನ್ನು ಹಂಗೆರಿ ದೇಶದ ವಿಂಕ್ಲರ್ ಎಂಬವರು 1888ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಪ್ರಮಾಣವಾಗಿದೆ. ಆದರೆ ನೀರನ್ನು ಸೀಸೆಯಲ್ಲಿ ಹಿಡಿದು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕಾದುದರಿಂದ, ಉತ್ತರ ಬರುವಷ್ಟರಲ್ಲಿ ತೊಟ್ಟಿಯ ಸ್ಥಿತಿಯೇ ಬದಲಾಗಿರುವುದು.

ಅಮೆರಿಕದ ಲೀಲೆಂಡ್ ಕ್ಲಾರ್ಕ್ ಎಂಬವರು 1956ರಲ್ಲಿ ಪ್ರಕಟಿಸಿದ ವಿದ್ಯುತ್ ಮಾಪಕವು ಈ ತೊಂದರೆಯನ್ನು ನೀಗಿತು. ತೆಳುವಾದ ಪೊರೆಯ ಹಿಂದೆ ಲೋಹದ ಧ್ರುವಗಳನ್ನಿಟ್ಟು, ಪೊರೆಯೊಳಗೆ ನುಸುಳುವ ಆಮ್ಲಜನಕವು ಹುಟ್ಟಿಸುವ ವಿದ್ಯುತ್ತನ್ನು ಅಳೆಯುವುದು ಅದರ ಕ್ರಮ. ಹಲವು ವರ್ಷ ಅದೇ ಕೈಗಾರಿಕೆಗಳ ಆಧಾರವಾಗಿದ್ದಿತು. ಆದರೂ ಅದರಲ್ಲಿ ಹಳೆಯ ದೀಪದ ದೋಷವೊಂದು ಉಳಿದಿತ್ತು. ಅಳೆಯುವಾಗ ಅದು ಆಮ್ಲಜನಕವನ್ನು ವೆಚ್ಚಮಾಡುವುದು. ಆದಕಾರಣ ಅದರ ಮುಂದೆ ನೀರು ಹರಿಯುತ್ತಿರಬೇಕು, ನಿಂತ ನೀರಿನಲ್ಲಿ ಅಂಕಿ ತಗ್ಗುವುದು. ಪೊರೆಗೆ ಜೊಂಡು ಹತ್ತುವುದು, ಒಳಗಿನ ದ್ರಾವಣ ಕೆಡುವುದು. ಕೊಳಚೆಯಿಂದ ಏಳುವ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲದಿಂದ ಧ್ರುವವೂ ಹಾಳಾಗುವುದು.

ಬೆಳಕಿನ ಮಾಪಕದ ತತ್ತ್ವ

ಕೆಲವು ವರ್ಣದ್ರವ್ಯಗಳು ಒಂದು ಬಣ್ಣದ ಬೆಳಕನ್ನು ಕುಡಿದು ಮತ್ತೊಂದು ಬಣ್ಣದ ಬೆಳಕನ್ನು ಹೊರಸೂಸುವ ಗುಣವುಳ್ಳವು. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಇಂತಹ ಕಾಂತಿಯು ಬೇರೆ ಅಣುಗಳ ತಾಕಿನಿಂದ ಎಷ್ಟರಮಟ್ಟಿಗೆ ಕುಂದುವುದೆಂಬ ಲೆಕ್ಕವನ್ನು ಜರ್ಮನಿಯಲ್ಲಿ ಸ್ಟರ್ನ್ ಮತ್ತು ವೋಲ್ಮರ್ ಎಂಬವರು 1919ರಲ್ಲಿ ಬರೆದಿಟ್ಟರು. ಕಾಂತಿಯನ್ನು ಕುಂದಿಸುವುದರಲ್ಲಿ ಆಮ್ಲಜನಕಕ್ಕೆ ಎಷ್ಟು ಶಕ್ತಿಯುಂಟೆಂಬುದನ್ನು ಅದೇ ದೇಶದ ಕೌಟ್ಸ್ಕಿ ಎಂಬವರು 1930ರ ದಶಕದಲ್ಲಿ ತೋರಿಸಿದರು. ಈ ಎರಡು ಶೋಧಗಳ ಮೇಲೆಯೇ ಈಗಿನ ಮಾಪಕವು ನಿಂತಿದೆ.

ಮಾಪಕದ ತುದಿಯಲ್ಲಿ ಒಂದು ಸಣ್ಣ ಟೋಪಿಯಿರುವುದು. ಅದರ ಮೇಲೆ ರುಥೇನಿಯಂ ಅಥವಾ ಪ್ಲಾಟಿನಂ ಲೋಹವನ್ನೊಳಗೊಂಡ ವರ್ಣದ್ರವ್ಯದ ತೆಳುವಾದ ಲೇಪ. ಒಳಗಿನಿಂದ ನೀಲಿ ಬೆಳಕನ್ನು ಬಿಟ್ಟರೆ ಲೇಪವು ಕೆಂಪಾಗಿ ಹೊಳೆಯುವುದು. ಹೊರಗಿನ ನೀರಿನಿಂದ ಆಮ್ಲಜನಕದ ಅಣುಗಳು ಲೇಪದೊಳಕ್ಕೆ ಬಂದು ತಾಕಿದರೆ, ಹೊಳೆಯಬೇಕಾದ ಶಕ್ತಿಯನ್ನು ಅವು ಕಸಿದುಕೊಳ್ಳುವುವು. ಹೊಳಪು ಬೇಗನೆ ಆರುವುದು.

ಇದನ್ನು ಗುಡಿಯ ಘಂಟೆಗೆ ಹೋಲಿಸಬಹುದು. ಘಂಟೆಯನ್ನು ಬಾರಿಸಿ ಬಿಟ್ಟರೆ ನಾದವು ಬಹಳ ಹೊತ್ತು ನಿಲ್ಲುವುದು. ಬಾರಿಸಿದ ಮರುಕ್ಷಣವೇ ಕೈ ತಗುಲಿದರೆ ನಾದವು ಬೇಗನೆ ಅಡಗುವುದು. ತಗುಲುವ ಕೈಗಳು ಹೆಚ್ಚಿದಷ್ಟೂ ಇನ್ನೂ ಬೇಗನೆ ಅಡಗುವುದು. ಕಣ್ಣು ಮುಚ್ಚಿ ಕುಳಿತವನೂ ನಾದ ನಿಂತ ಹೊತ್ತನ್ನು ಎಣಿಸಿ, ಘಂಟೆಗೆ ತಗುಲಿದ ಕೈಗಳು ಹೆಚ್ಚೋ ಕಡಮೆಯೋ ಎಂದು ಹೇಳಬಲ್ಲನು. ಇಲ್ಲಿ ನಾದವೆಂದರೆ ಕೆಂಪು ಹೊಳಪು, ಕೈಗಳೆಂದರೆ ಆಮ್ಲಜನಕದ ಅಣುಗಳು. ಹೊತ್ತು ಮಾತ್ರ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲಿನಿಂದ ಕೆಲವು ಹತ್ತು ಪಾಲಿನಷ್ಟು. ಅದನ್ನು ಎಣಿಸುವುದು ಮಾಪಕದೊಳಗಿನ ವಿದ್ಯುತ್ ಯಂತ್ರ.

ಹೊಳಪಿನ ಪ್ರಮಾಣವನ್ನು ಬಿಟ್ಟು ಅದರ ಹೊತ್ತನ್ನೇ ಅಳೆಯುವುದಕ್ಕೆ ಕಾರಣವುಂಟು. ಘಂಟೆಯನ್ನು ಮೆಲ್ಲಗೆ ಬಾರಿಸಲಿ, ಜೋರಾಗಿ ಬಾರಿಸಲಿ, ನಾದವು ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು ಒಂದೇ. ಹಾಗೆಯೇ ವರ್ಣದ್ರವ್ಯವು ಕಾಲಕ್ರಮದಲ್ಲಿ ಸ್ವಲ್ಪ ಮಾಸಿದರೂ, ದೀಪದ ಬೆಳಕು ಕುಂದಿದರೂ, ಅಳತೆಯು ಅಷ್ಟಾಗಿ ಕೆಡುವುದಿಲ್ಲ. ಈ ಮಾಪಕವು ಆಮ್ಲಜನಕವನ್ನು ವೆಚ್ಚಮಾಡುವುದಿಲ್ಲ. ಆದುದರಿಂದ ನಿಂತ ನೀರಿನಲ್ಲಿಯೂ ಸರಿಯಾದ ಅಂಕಿ ಕೊಡುವುದು. ಹೈಡ್ರೋಜನ್ ಸಲ್ಫೈಡಿನಿಂದ ಕೆಡುವ ಧ್ರುವವಾಗಲಿ, ತುಂಬಬೇಕಾದ ದ್ರಾವಣವಾಗಲಿ ಇದರಲ್ಲಿಲ್ಲ.

ಮಾಪಕದ ಆರೈಕೆ

ಆದಾಗ್ಯೂ ತೊಟ್ಟಿಯಲ್ಲಿಟ್ಟು ಮರೆತುಬಿಡುವ ಸಾಮಾನು ಇದಲ್ಲ. ಟೋಪಿಯ ಮೇಲೆ ಲೋಳೆ ಕಟ್ಟಿದರೆ ಆ ಲೋಳೆಯ ಜೀವಿಗಳೇ ಆಮ್ಲಜನಕವನ್ನು ತಿನ್ನುವುವು. ತೊಟ್ಟಿಯಲ್ಲಿ ಗಾಳಿ ಸಾಕಷ್ಟಿದ್ದರೂ ಮಾಪಕವು ಇಲ್ಲವೆಂದು ಹೇಳುವುದು. ಯಂತ್ರವು ವೃಥಾ ಊದುವುದು. ಆದಕಾರಣ ಮೆತುವಾದ ಬಟ್ಟೆಯಿಂದ ಆಗಾಗ್ಗೆ ಒರಸತಕ್ಕದ್ದು, ಲೇಪವನ್ನು ಉಜ್ಜಕೂಡದು. ಮದ್ಯಸಾರವೇ ಮೊದಲಾದ ದ್ರಾವಕಗಳನ್ನು ತಯಾರಕರ ಸೂಚನೆಯಿಲ್ಲದೆ ತಾಗಿಸಕೂಡದು. ಟೋಪಿಯನ್ನು ಬಿಸಿಲಿನಲ್ಲಿ ಬಿಡಕೂಡದು. ತಯಾರಕರು ಹೇಳಿದ ಅವಧಿ ಮುಗಿದೊಡನೆ ಹೊಸದನ್ನು ಹಾಕತಕ್ಕದ್ದು.

ಅಂಕಿಯನ್ನು ಸರಿನೋಡುವ ಕ್ರಮವು ಸುಲಭವಾದುದು. ತೇವದ ಗಾಳಿಯಲ್ಲಿ ಹಿಡಿದರೆ ಮಾಪಕವು ನೂರಕ್ಕೆ ನೂರು ತೋರಿಸಬೇಕು. ಸೋಡಿಯಂ ಸಲ್ಫೈಟ್ ಕರಗಿಸಿದ ನೀರಿನಲ್ಲಿ ಸೊನ್ನೆ ತೋರಿಸಬೇಕು. ಉಷ್ಣವನ್ನೂ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಡಲ ಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣದ ಶುದ್ಧ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯುವುದು. 30 ಡಿಗ್ರಿಯಲ್ಲಿ ಸುಮಾರು 7.6 ಮಾತ್ರ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಂತಹ ಸೀಮೆಯಲ್ಲಿ ಇದು ಇನ್ನೂ ಹತ್ತನೆಯ ಒಂದು ಪಾಲಿನಷ್ಟು ಕಡಮೆ. ಬೇಸಗೆಯಲ್ಲಿ ಕೆರೆಯ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುವುದಕ್ಕೆ ಇದೂ ಒಂದು ಕಾರಣ. ಪಾಚಿ ಹೆಚ್ಚಾದ ಕೆರೆಯಲ್ಲಿ ಹಗಲಿನಲ್ಲಿ ಆಮ್ಲಜನಕ ಏರಿ, ಬೆಳಗಿನ ಜಾವದಲ್ಲಿ ಅತ್ಯಂತ ಕೆಳಗಿಳಿಯುವುದರಿಂದ, ಮಧ್ಯಾಹ್ನದ ಒಂದು ಅಂಕಿಯನ್ನು ನಂಬಿ ಕೆರೆ ಕ್ಷೇಮವೆನ್ನಲಾಗದು.

ಗ್ರಾಮದ ಮುಖಂಡರು ಗಮನಿಸತಕ್ಕ ಅಂಶಗಳು

ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ, ಅಂತರ್ಜಲವನ್ನು ತುಂಬುವ ಉದ್ದೇಶದಿಂದ, ಹರಿಯತೊಡಗಿತು. ಹೀಗೆ ಪಟ್ಟಣದ ಬಳಸಿದ ನೀರು ಹಳ್ಳಿಯ ಕೆರೆಯನ್ನು ಸೇರುವಲ್ಲಿ, ದೂರದ ತೊಟ್ಟಿಯೊಂದರ ಅಂಕಿಯು ಊರಿನ ಕೊಳವೆ ಬಾವಿಗೂ ಮೀನಿಗೂ ದನಕರುಗಳಿಗೂ ಸಂಬಂಧಪಟ್ಟ ವಿಷಯವಾಗುವುದು. ಇಂತಹ ಊರುಗಳ ಮುಖಂಡರು ಅಧಿಕಾರಿಗಳನ್ನು ಕಂಡಾಗ ಈ ಕೆಳಗಿನ ವಿಷಯಗಳನ್ನು ವಿಚಾರಿಸಬಹುದು.

ಮೊದಲನೆಯದಾಗಿ, ತೊಟ್ಟಿಯ ಆಮ್ಲಜನಕವನ್ನು ಹಗಲಿರುಳೂ ಬರೆದಿಡುತ್ತಿರುವರೇ, ವಿದ್ಯುತ್ ನಿಂತ ಹೊತ್ತಿನ ಅಂಕಿಗಳೂ ಲೆಕ್ಕದಲ್ಲಿ ಇವೆಯೇ ಎಂಬುದು. ಎರಡನೆಯದಾಗಿ, ಮಾಪಕವನ್ನು ಕಡೆಯ ಸಲ ಒರಸಿ ಸರಿನೋಡಿದ ದಿನ ಯಾವುದು ಎಂಬುದು. ಮೂರನೆಯದಾಗಿ, ಹೊರಬಿಡುವ ನೀರಿನಲ್ಲಿ ಅಮೋನಿಯಾ ಎಷ್ಟಿದೆ ಎಂಬುದು. ಆಮ್ಲಜನಕದ ಅಂಕಿ ಸರಿಯಾಗಿದ್ದ ಮಾತ್ರಕ್ಕೆ ನೀರು ಶುದ್ಧವೆಂದು ತೀರ್ಮಾನಿಸಲಾಗದು. ರೋಗಾಣುಗಳಿಗೂ ವಿಷಲೋಹಗಳಿಗೂ ಬೇರೆ ಪರೀಕ್ಷೆಗಳೇ ಬೇಕು.

ಕೊನೆಯದಾಗಿ ಪ್ರಾಣಕ್ಕೆ ಸಂಬಂಧಿಸಿದ ಮಾತೊಂದುಂಟು. ಮಲಗುಂಡಿ, ಒಳಚರಂಡಿ, ಹಾಳುಬಾವಿಗಳಲ್ಲಿ ಆಮ್ಲಜನಕವು ಸಾಕಷ್ಟಿದ್ದರೂ ಹೈಡ್ರೋಜನ್ ಸಲ್ಫೈಡು ಕೊಲ್ಲಬಲ್ಲುದು. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ. ಆದುದರಿಂದ ಆಮ್ಲಜನಕ ಒಂದನ್ನೇ ಅಳೆದು ಆಳನ್ನು ಇಳಿಸಕೂಡದು. ರಕ್ಷಣೆಯ ಸಾಮಗ್ರಿ ಕೊಡದೆ, ಮುನ್ನೆಚ್ಚರಿಕೆ ವಹಿಸದೆ, ಮಲಗುಂಡಿಯನ್ನಾಗಲಿ ಒಳಚರಂಡಿಯನ್ನಾಗಲಿ ಆಳಿನಿಂದ ಶುಚಿಮಾಡಿಸುವುದು 2013ರ ಕಾಯಿದೆಯ ಮೇರೆಗೆ ಅಪರಾಧವೂ ಆಗಿದೆ. ಒಬ್ಬನು ಒಳಗೆ ಬಿದ್ದನೆಂದು ಮತ್ತೊಬ್ಬನು ಉಸಿರಿನ ಸಾಧನವಿಲ್ಲದೆ ಧುಮುಕಿದರೆ ಒಂದರ ಬದಲು ಎರಡು ಪ್ರಾಣ ಹೋಗುವುದು.

ಹಗೇವಿಗೆ ದೀಪ ಇಳಿಸಿದ ಹಿರಿಯರು, ಕಾಣದ ವಸ್ತುವನ್ನು ಪರೀಕ್ಷಿಸದೆ ನಂಬಬಾರದೆಂಬ ನಿಯಮವನ್ನು ಬಿಟ್ಟುಹೋಗಿರುವರು. ಉಪಕರಣವು ಬದಲಾಗಿದೆ, ನಿಯಮವು ಬದಲಾಗಿಲ್ಲ. ಕೆರೆಗೆ ಬರುವ ನೀರಿನ ವಿಷಯದಲ್ಲಿಯೂ ಗುಂಡಿಗೆ ಇಳಿಯುವ ಆಳಿನ ವಿಷಯದಲ್ಲಿಯೂ ಅಳತೆಯನ್ನು ಕೇಳಿ ತಿಳಿದು ಮುಂದುವರಿಯುವುದು ಊರಿನ ಯಜಮಾನರ ಕರ್ತವ್ಯವಾಗಿದೆ.